ತಂದೆಯ ಹೆಸರಿನ ಕಾಲಂ

ಬೀದಿಯವರೆಲ್ಲ ಹೊಲಿಗೆಯಕ್ಕ ಎಂದು ಕರೆಯುವ ನಾನು, ವಯಸ್ಸು 49 ವರ್ಷ, ಕಸುಬು ಹಳೆ ಬಟ್ಟೆ ಬಿಚ್ಚಿ ಅಳತೆಗೆ ಸರಿಯಾಗಿ ಮತ್ತೆ ಹೊಲಿದು ಕೊಡುವುದು, ವಾಸ ಗಡಿಯಾರದ ಅಂಗಡಿಯ ಹಿಂದಿನ ಗಲ್ಲಿ, ಮೊದಲ ಮಹಡಿ, ಎಡಗಡೆಯ ಬಾಗಿಲು, ಇಂದು 17ನೇ ತಾರೀಕು ಶುಕ್ರವಾರ ಬೆಳಗ್ಗೆ 9.30ಕ್ಕೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಯಜಮಾನರು ಬೀಗ ರಿಪೇರಿ ಮಾಡುವವರು. ಈಗ ಜೈಲಿನಲ್ಲಿರುವ ಆರೋಪಿ ನನ್ನ ಒಡಹುಟ್ಟಿದ ತಮ್ಮ, ವಯಸ್ಸು 31. ಅವನಿಗೆ ನಾಲ್ಕು ವರ್ಷವಾಗಿದ್ದಾಗ ನಮ್ಮ ಅಪ್ಪ ಅಮ್ಮ ಏಳು ತಿಂಗಳ ಅಂತರದಲ್ಲಿ ತೀರಿಕೊಂಡರು. ಆಗ ನನಗೆ ಮದುವೆಯಾಗಿ ಒಂದು ವರ್ಷ. ಅವನನ್ನು ಕರೆದುಕೊಂಡು ಬರೋಣವೇ ಎಂದು ನಾನು ಕೇಳುವ ಮೊದಲೇ ಯಜಮಾನರು ಹೋಗಿ ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದರು. ನಿಂತಲ್ಲಿ ನಿಲ್ಲದ ಅವನಿಗೆ ಸ್ಪ್ರಿಂಗು ಎಂದು ಹೆಸರಿಟ್ಟವರೂ ಅವರೇ. ನಮಗೆ ಮಕ್ಕಳಾಗಲಿಲ್ಲ. ಯಾರಾದರೂ ಅದನ್ನು ಎತ್ತಿ ಆಡಿದರೆ ಯಜಮಾನರು, ಇವನೊಬ್ಬ ಕೊಡೋ ಕಾಟ ನಾಲ್ಕು ಮಕ್ಕಳಿಗೆ ಸಾಕು, ಇನ್ನೊಂದು ಯಾರಿಗೆ ಬೇಕು ಎನ್ನುತ್ತಿದ್ದರು.

ತಮ್ಮ ಅವರ ಬಳಿಯೇ ಕೆಲಸ ಕಲಿತ. ಯಜಮಾನರದು ಒಂದೇ ಕಟ್ಟುನಿಟ್ಟು: ಬೀಗ ತೆಗೆಯಲು ಕರೆದವರ ಮನೆಯ ಕಾಗದವನ್ನೋ ಕರೆಂಟ್ ಬಿಲ್ಲನ್ನೋ ಕಣ್ಣಾರೆ ನೋಡದೆ ಬೀಗಕ್ಕೆ ಕಡ್ಡಿ ಹಾಕಬಾರದು. 14 ತಿಂಗಳ ಹಿಂದೆ ತಮ್ಮ ಒಬ್ಬ ಹೆಂಗಸಿನ ಕಣ್ಣೀರು ನೋಡಿ, ಕಾಗದ ಕೇಳದೆ ಬೀಗ ತೆಗೆದುಕೊಟ್ಟ. ಮನೆ ಆಕೆಯದೇ ಆಗಿತ್ತು, ಏನೂ ಅನಾಹುತವಾಗಲಿಲ್ಲ. ಆದರೂ ಯಜಮಾನರು ಅವನಿಗೆ, ಇನ್ನು ನನ್ನ ಮುಖ ನೋಡಬೇಡ ಎಂದರು. ಇವನೂ ಕಡಿಮೆಯಲ್ಲ, ಸಾಮಾನು ಕಟ್ಟಿಕೊಂಡು ಹೋಗಿ ಮೂರು ಕಿಲೋಮೀಟರ್ ಆಚೆ ಬಸ್ ಡಿಪೋ ಪಕ್ಕ ಪೆಟ್ಟಿಗೆ ಅಂಗಡಿ ಇಟ್ಟ. ಅಂದಿನಿಂದ ಇಬ್ಬರೂ ಮುಖ ಕೊಟ್ಟು ಮಾತಾಡಿರಲಿಲ್ಲ. ನಾನು ನಡುವೆ ಸಿಕ್ಕಿ ನಲುಗಿಹೋದೆ.

ಈ ತಿಂಗಳ 6ನೇ ತಾರೀಕು ಸೋಮವಾರ ಬೆಳಗ್ಗೆ 7.15ಕ್ಕೆ ಯಜಮಾನರನ್ನು ಉಸಿರಾಟದ ತೊಂದರೆಯಿಂದ ಆಸ್ಪತ್ರೆಗೆ ಸೇರಿಸಿದೆ. ಹೃದಯ ದಣಿದುಹೋಗಿದೆ, ಹೆಚ್ಚೆಂದರೆ ಹತ್ತು ದಿನ ಎಂದು ಡಾಕ್ಟರು ನನ್ನನ್ನು ಆಚೆ ಕರೆದು ಹೇಳಿದರು. ಆ ದಿನ ಸಂಜೆ 5 ಗಂಟೆಗೆ ಯಜಮಾನರು ನನ್ನ ಕೈ ಹಿಡಿದು, ಸ್ಪ್ರಿಂಗನ್ನ ಕರಿ ಎಂದರು. 14 ತಿಂಗಳಲ್ಲಿ ಅವರ ಬಾಯಿಂದ ಆ ಹೆಸರು ಬಂದದ್ದು ಅದೇ ಮೊದಲು.

ತಮ್ಮನ ಫೋನು ಸ್ವಿಚ್ ಆಫ್ ಆಗಿತ್ತು. 7ನೇ ತಾರೀಕು ಬೆಳಗ್ಗೆ 9 ಗಂಟೆಗೆ ಅವನ ಅಂಗಡಿಗೆ ಹೋದೆ. ಬಾಗಿಲು ಹಾಕಿತ್ತು. ಪಕ್ಕದ ಚಹಾ ಅಂಗಡಿಯಾಕೆ, 3ನೇ ತಾರೀಕು ಶುಕ್ರವಾರ ಸಂಜೆ ನಾಲ್ಕರ ಸುಮಾರಿಗೆ ಯೂನಿಫಾರ್ಮ್ ಇಲ್ಲದ ಇಬ್ಬರು ಪೊಲೀಸರು ಬಂದು ಜೀಪಿನಲ್ಲಿ ಕೂರಿಸಿಕೊಂಡು ಹೋದರು ಎಂದರು. ಬೀಗ ತೆಗೆಸಿಕೊಂಡವನೊಬ್ಬ ಆ ಮನೆಯವನೇ ಅಲ್ಲವಂತೆ, ಒಳಗಿದ್ದದ್ದನ್ನೆಲ್ಲ ಗುಡಿಸಿಕೊಂಡು ಹೋದನಂತೆ, ಇವನೂ ಪಾಲುದಾರನೆಂದು ಹಿಡಿದರಂತೆ. ಯಾವ ಠಾಣೆ ಎಂದು ಕೇಳಿದೆ. ನನಗೇನು ಗೊತ್ತಮ್ಮ, ಜೀಪಿಗೆಲ್ಲ ಒಂದೇ ಬಣ್ಣ ಎಂದರು.

ಆ ದಿನ ಡಿಪೋ ಹತ್ತಿರದ ಠಾಣೆಗೂ, ಮಾರನೇ ದಿನ ಸೇತುವೆ ಆಚೆಯ ಠಾಣೆಗೂ ಹೋದೆ. ಎರಡೂ ಕಡೆ, ನಮ್ಮಲ್ಲಿ ಹಿಡಿದವರ ವಿಷಯ ಮಾತ್ರ ನಮಗೆ ಗೊತ್ತು ಎಂದರು. ದಿನವೂ ಬಂಧಿತರ ಪಟ್ಟಿಯನ್ನು ದೊಡ್ಡ ಪೊಲೀಸ್ ಕಚೇರಿಯ ಹೊರಗಿನ ಬೋರ್ಡಿಗೆ ಅಂಟಿಸುತ್ತಾರೆ, ನೋಡಿ ಎಂದು ಒಬ್ಬ ಪೇದೆ ಹೇಳಿದರು. ಅಲ್ಲಿಗೆ ಹೋದಾಗ ಮಧ್ಯಾಹ್ನ 2.40. ಬೋರ್ಡಿನ ಮೇಲೆ ಕೊನೆಯ ಮೂರು ದಿನದ ಪಟ್ಟಿಗಳು ಮಾತ್ರ ಇದ್ದವು. 3ನೇ ತಾರೀಕಿನದನ್ನು ಕಿತ್ತು ಎರಡು ದಿನವಾಗಿತ್ತು.

9ನೇ ತಾರೀಕು ಗುರುವಾರ ಬೆಳಗ್ಗೆ 10.20ಕ್ಕೆ ಊರಿನಿಂದ 11 ಕಿಲೋಮೀಟರ್ ದೂರದ ಜೈಲಿಗೆ ಹೋದೆ. ವಿಚಾರಣೆ ಕಿಟಕಿಯಲ್ಲಿ ಒಂದು ಚೀಟಿ ಕೊಟ್ಟರು. ಅದರಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು ಎಂದು ಮೂರು ಕಾಲಂ. ತಂದೆಯ ಹೆಸರಿನ ಮುಂದೆ ತೀರಿಹೋದ ನಮ್ಮಪ್ಪನ ಹೆಸರನ್ನು ನಾನೇ ಕೈಯಾರೆ ಬರೆದೆ. ಗುಮಾಸ್ತರು ಕಂಪ್ಯೂಟರ್ ನೋಡಿ, ಆ ಹೆಸರಿನವರು ಒಬ್ಬರಿದ್ದಾರೆ, ಆದರೆ ತಂದೆ ಹೆಸರು ಬೇರೆ, ನಿಮ್ಮವರಲ್ಲ ಎಂದರು. ಆ ಬೇರೆ ಹೆಸರು ಯಾವುದು ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ನಿಮ್ಮವರಲ್ಲ ಎಂದ ಮೇಲೆ ಕೇಳುವುದೇನು ಎಂದುಕೊಂಡೆ. ಥ್ಯಾಂಕ್ಸ್ ಹೇಳಿ ಬಂದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂದು ನಾನೇ ಎಷ್ಟು ಜನರನ್ನು ಆಡಿಕೊಂಡಿಲ್ಲ. ಅವತ್ತು ಆ ಕಿಟಕಿಗೂ ಅವನಿದ್ದ ಬ್ಯಾರಕ್ಕಿಗೂ ನಡುವೆ 60 ಅಡಿ ಎಂದು ಆಮೇಲೆ ತಿಳಿಯಿತು.

ಬರೆದುಕೊಳ್ಳುತ್ತಿರುವ ಮೇಡಂ ಇದನ್ನು ಬಿಡೋಣವೇ ಎಂದು ಕೇಳಿದರು. ಬಿಡಬೇಡಿ ಎಂದು ಹೇಳಿದ್ದೇನೆ.

10ರಿಂದ 12ರವರೆಗೆ ಯಜಮಾನರ ಹಾಸಿಗೆ ಬಿಟ್ಟು ಕದಲಲಾಗಲಿಲ್ಲ. ದಿನಕ್ಕೆ ಮೂರು ನಾಲ್ಕು ಸಲ, ಬಂದನಾ ಎಂದು ಕೇಳುತ್ತಿದ್ದರು. ಪರಸ್ಥಳಕ್ಕೆ ಕೆಲಸಕ್ಕೆ ಹೋಗಿದ್ದಾನೆ, ಹೇಳಿ ಕಳಿಸಿದ್ದೇನೆ ಎಂದು ಸುಳ್ಳು ಹೇಳಿದೆ. 12ನೇ ತಾರೀಕು ಅವರು, ಕಾಗದ ನೋಡಿ ಬೀಗ ತೆಗೀತಾನಂತಾ ಈಗ ಎಂದು ಕೇಳಿದರು. ನೋಡ್ತಾನಂತೆ ಎಂದೆ. ನಾನು ಬೈದದ್ದು ಜಾಸ್ತಿ ಆಯ್ತು ಕಣೇ, ಬಂದಾಗ ಹೇಳ್ತೀನಿ ಎಂದರು. ಎದ್ದು ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತೆ.

13ನೇ ತಾರೀಕು ಸೋಮವಾರ ಬೆಳಗ್ಗೆ 11 ಗಂಟೆಗೆ ಕೋರ್ಟಿನ ನಕಲು ವಿಭಾಗಕ್ಕೆ ಹೋದೆ. ಕೇಸ್ ನಂಬರ್ ಇಲ್ಲದೆ ನಕಲು ಕೊಡಲು ಬರುವುದಿಲ್ಲ ಎಂದರು. ನಂಬರ್ ಎಲ್ಲಿ ಸಿಗುತ್ತದೆ ಎಂದರೆ, ನಕಲಿನಲ್ಲಿರುತ್ತದೆ ಎಂದರು. ಹೊರಗೆ ಮರದ ಕೆಳಗೆ ಟೈಪ್ ಮಾಡಿ ಅರ್ಜಿ ಬರೆದುಕೊಡುವ ಮುದುಕರೊಬ್ಬರಿದ್ದಾರೆ. ಅವರ ಅಂಗಿಯ ಎರಡನೇ ಗುಂಡಿ ದಾರದಲ್ಲಿ ನೇತಾಡುತ್ತಿತ್ತು. ಅವರು ನನ್ನ ಕಥೆ ಕೇಳಿ, ನೀವು ಹೆಸರು ಹಿಡಿದು ಹುಡುಕ್ತಾ ಇದ್ದೀರಿ ತಾಯಿ, ಅದಕ್ಕೇ ಸಿಕ್ತಿಲ್ಲ. ಬರೆಯೋರು ಅವಸರದಲ್ಲಿ ಹೆಸರು ಕೆಡಿಸ್ತಾರೆ, ಹೆದರಿದೋರು ಏನೇನೋ ಹೇಳ್ತಾರೆ. ತಾರೀಕು ಮಾತ್ರ ಕೆಡೋದಿಲ್ಲ. 3 ಮತ್ತೆ 4ನೇ ತಾರೀಕು ಒಳಗೆ ಹೋದೋರ ಪುಟವನ್ನೇ ಪೂರ್ತಿ ಕೇಳಿ ಎಂದರು. ಜೈಲಿನ ದಾಖಲಾತಿ ರಿಜಿಸ್ಟರಿನ ಆ ಎರಡು ದಿನದ ನಕಲಿಗೆ ಅರ್ಜಿ ಟೈಪ್ ಮಾಡಿ, ಸ್ವೀಕರಿಸಿದ ಮೊಹರು ಹಾಕಿಸಿಕೊಳ್ಳದೆ ಕಿಟಕಿ ಬಿಡಬೇಡಿ ಎಂದು ಎರಡು ಸಲ ಹೇಳಿದರು. ಏಳು ದಿನದಿಂದ ಯಾರೂ ಹೇಳದ ಮಾತನ್ನು ಅವರು ಏಳು ನಿಮಿಷದಲ್ಲಿ ಹೇಳಿದರು. ಆ ದಿನವೇ ಜೈಲಿನ ಕಿಟಕಿಗೆ ಹೋಗಿ ಅರ್ಜಿ ಕೊಟ್ಟೆ. ಎರಡು ದಿನ ಬಿಟ್ಟು ಬರಲು ಹೇಳಿದರು.

15ನೇ ತಾರೀಕು ಬುಧವಾರ ಮಧ್ಯಾಹ್ನ 3.20ಕ್ಕೆ ನಕಲು ಕೈಗೆ ಬಂತು. 17 ಜನರ ಪಟ್ಟಿ. ಹನ್ನೊಂದನೇ ಸಾಲಿನಲ್ಲಿ ನನ್ನ ತಮ್ಮನ ಹೆಸರು, ವಯಸ್ಸು 31, ಕಸುಬು ಬೀಗದ ಕೆಲಸ. ತಂದೆಯ ಹೆಸರು ಎಂಬಲ್ಲಿ ನನ್ನ ಯಜಮಾನರ ಹೆಸರಿತ್ತು. ಯಾರಿಗೆ ತಿಳಿಸಬೇಕು ಎಂಬಲ್ಲಿ 'ತಂದೆಗೆ' ಎಂದು ಬರೆದು ಅವರದೇ ಫೋನ್ ನಂಬರ್ ಇತ್ತು. ಎರಡು ಸಲ ಕರೆ ಮಾಡಲಾಗಿದೆ, ಎತ್ತಲಿಲ್ಲ ಎಂದು ಷರಾ ಇತ್ತು. ಗೊತ್ತಿಲ್ಲದ ನಂಬರ್ ಎತ್ತಬೇಡಿ, ಮೋಸದವರಿರುತ್ತಾರೆ ಎಂದು ಅವರಿಗೆ ಹೇಳಿಕೊಟ್ಟವಳು ನಾನೇ.

ಅಲ್ಲೇ ಇದ್ದ ಜೈಲು ಅಧಿಕಾರಿಗಳಿಗೆ ವಿಷಯ ತಿಳಿಸಿದೆ. ಸಾಯುವ ಸ್ಥಿತಿಯಲ್ಲಿರುವ ತಂದೆಯನ್ನು ನೋಡಲು ಕಾವಲಿನಲ್ಲಿ ಮೂರು ಗಂಟೆ ಕಳಿಸಲು ಅವಕಾಶವಿದೆ, ಡಾಕ್ಟರ ಪತ್ರ ತನ್ನಿ, ಮೊದಲೇ ಬಂದಿದ್ದರೆ ಇಷ್ಟು ಹೊತ್ತಿಗೆ ಹೋಗಿ ಬಂದಿರುತ್ತಿದ್ದ ಎಂದರು. ಅವರು ತಂದೆ ಅಲ್ಲ ಎಂದು ನಾನು ಆಗ ಹೇಳಲಿಲ್ಲ. ಇದು ನನ್ನ ತಪ್ಪೇ ಆದರೆ ಬರೆದುಕೊಳ್ಳಬಹುದು.

ಸಂಜೆ 4.50ಕ್ಕೆ ಆಸ್ಪತ್ರೆ ತಲುಪಿದೆ. ಯಜಮಾನರು 4.10ಕ್ಕೆ ತೀರಿಕೊಂಡಿದ್ದರು. ನರ್ಸು ಆಗಲೇ ಹೊದಿಕೆಯನ್ನು ಮುಖದವರೆಗೆ ಎಳೆದಿದ್ದರು. ನಾನು ಅದನ್ನು ಸರಿಸಿ, ಹನ್ನೊಂದನೇ ಸಾಲನ್ನು ಅವರ ಕಿವಿಯ ಹತ್ತಿರ ಮೊದಲಿನಿಂದ ಕೊನೆಯವರೆಗೆ ಓದಿದೆ. ನರ್ಸು ತಡೆಯಲಿಲ್ಲ. 27 ವರ್ಷ ಅವನು ಅವರನ್ನು ಭಾವ ಎಂದೇ ಕರೆದ. ಒಂದೇ ಒಂದು ಸಲ ಬೇರೆಯಾಗಿ ಹೇಳಿದ್ದು, ಅದೂ ಪೊಲೀಸರ ಮುಂದೆ. ಅದನ್ನು ಕೇಳಬೇಕಾದವರು 40 ನಿಮಿಷದ ಅಂತರದಲ್ಲಿ ಕೇಳದೆ ಹೋದರು.

16ನೇ ತಾರೀಕು ಬೆಳಗ್ಗೆ 10.30ಕ್ಕೆ ಜೈಲಿನ ಭೇಟಿ ಕೋಣೆಯಲ್ಲಿ ಜಾಲರಿ ಆಚೆ ತಮ್ಮನನ್ನು ನೋಡಿದೆ. ಅಂಗಿಯ ತೋಳು ಉದ್ದವಾಗಿ ಬೆರಳು ಮುಚ್ಚಿತ್ತು. ಅವನು ಮೊದಲು ಕೇಳಿದ್ದು, ಅಕ್ಕ, ಭಾವ ಇನ್ನೂ ಕೋಪದಲ್ಲೇ ಇದ್ದಾರಾ, ಫೋನ್ ಎತ್ತಲೇ ಇಲ್ಲ ಎಂದು. ಅವರ ಹೆಸರು ಯಾಕೆ ಬರೆಸಿದೆ ಎಂದು ಕೇಳಿದೆ. ಬರೆಯೋರು ತಂದೆ ಹೆಸರೇನು ಅಂದ್ರು ಅಕ್ಕ, ಬಾಯಿಗೆ ಬಂದಿದ್ದು ಅದೇ. ನಮ್ಮಪ್ಪನ ಹೆಸರು ನೆನಪಾಗಿದ್ದು ಆಮೇಲೆ. ತಿದ್ದಿಸೋಣ ಅನ್ಕೊಂಡೆ, ಮನಸ್ಸಾಗಲಿಲ್ಲ. ಭಾವನಿಗೆ ಹೇಳಬೇಡ, ಬೈತಾರೆ ಎಂದ. ನಾನು ಅವರು ಹೋದ ವಿಷಯ ಹೇಳಿದೆ. ಅವನು ನಾನು ಎದ್ದು ಬರುವವರೆಗೂ ಜಾಲರಿಗೆ ಹಣೆ ಒತ್ತಿಕೊಂಡೇ ಕೂತಿದ್ದ.

ಅಂತ್ಯಕ್ರಿಯೆಗೆ ಅವನನ್ನು ಕಳಿಸಿಕೊಡಿ ಎಂದು ನಾನು ಕೊಟ್ಟ ಮರಣ ಪತ್ರವನ್ನೂ ನನ್ನ ಗುರುತಿನ ಚೀಟಿಯನ್ನೂ ಅಧಿಕಾರಿಗಳು ಪಕ್ಕಪಕ್ಕ ಇಟ್ಟು ನೋಡಿದರು. ಆರೋಪಿಯ ಅಕ್ಕ ಎನ್ನುತ್ತೀರಿ, ಆರೋಪಿಯ ತಂದೆ ನಿಮ್ಮ ಗಂಡ ಹೇಗಾಗುತ್ತಾರೆ ಎಂದರು. ತಂದೆಯ ಹೆಸರು ಸುಳ್ಳು ಕೊಟ್ಟಿದ್ದರೆ ಅದೇ ಇನ್ನೊಂದು ಕೇಸಾಗುತ್ತದೆ, ಭಾವನ ಅಂತ್ಯಕ್ರಿಯೆಗೆ ಕಳಿಸಲು ನಿಯಮವಿಲ್ಲ, ಠಾಣೆಯಿಂದ ಹೇಳಿಕೆ ತನ್ನಿ ಎಂದರು. ಆಸ್ಪತ್ರೆಯವರು ಇಂದು ಸಂಜೆ 4 ಗಂಟೆಯವರೆಗೆ ಮಾತ್ರ ದೇಹ ಇಟ್ಟುಕೊಳ್ಳುತ್ತಾರೆ. ಈ ಹೇಳಿಕೆ ಮಧ್ಯಾಹ್ನ 1ರೊಳಗೆ ಜೈಲು ತಲುಪಬೇಕು.

ಮೇಡಂ ಮೂರು ಸಲ ಕೇಳಿದ್ದಾರೆ: ಆರೋಪಿ ಕೊಟ್ಟ ತಂದೆಯ ಹೆಸರು ಸುಳ್ಳೋ ನಿಜವೋ, ಕಥೆ ಬೇಡ, ಒಂದೇ ಮಾತಿನಲ್ಲಿ ಹೇಳಿ ಎಂದು. ಅವನನ್ನು ಹುಟ್ಟಿಸಿದವರು ಯಾರು ಎಂದು ಮೇಲೆ ಹೇಳಿದ್ದೇನೆ, ಮುಚ್ಚಿಟ್ಟಿಲ್ಲ. ಜ್ವರ ಬಂದಾಗ ಎದೆ ಮೇಲೆ ಮಲಗಿಸಿಕೊಂಡವರು, ಶಾಲೆಯ ಪುಸ್ತಕಕ್ಕೆ ಸಹಿ ಹಾಕಿದವರು, ಕಸುಬು ಕಲಿಸಿದವರು, ದಾರಿ ತಪ್ಪುತ್ತಾನೆಂದು ಹೆದರಿ ಮನೆಯಿಂದ ಹೊರಗೆ ಹಾಕಿದವರು, ಕೊನೆಗೆ ಬಂದನಾ ಬಂದನಾ ಎಂದು ಬಾಗಿಲು ನೋಡುತ್ತ ಹೋದವರು ಯಾರು ಎಂದೂ ಹೇಳಿದ್ದೇನೆ. ಒಂದೇ ಮಾತು ಬೇಕೆಂದರೆ: ನಿಜ. ಅದನ್ನು ಹಾಗೆಯೇ ಬರೆದುಕೊಳ್ಳಬೇಕು, ಕಾಲಂ ತಿದ್ದಬಾರದು ಎಂದು ಕೇಳಿಕೊಳ್ಳುತ್ತೇನೆ.

ಈ ಹೇಳಿಕೆಯನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ. ಯಾರೂ ಹೇಳಿಕೊಟ್ಟದ್ದಲ್ಲ, ಯಾರ ಭಯಕ್ಕೂ ಹೇಳಿದ್ದಲ್ಲ.

ಸ್ಥಳ: ಠಾಣೆಯ ಬರವಣಿಗೆ ಕೋಣೆ
ದಿನಾಂಕ: 17, ಬೆಳಗ್ಗೆ 11.25

ಸಹಿ
ಮೃತರ ಹೆಂಡತಿ, ಮೃತರ ಮಗನ ಅಕ್ಕ