ಬೀಜದ ಗಡಿಗಿ

ಹಮ್ಮಿಗಿಗೆ ಹೋಗುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಅತ್ತೆ, ಒಬ್ಬ ಸೊಸೆ. ಇಬ್ಬರೂ ಬೆನ್ನು ಒರಗಿಸಿ ಕೂತಿರಲಿಲ್ಲ.

"ಅಜ್ಜಾರ ಪತ್ರ, ಮಾವಾರ ಡೈರಿ ಬೀಜದ ಗಡಿಗ್ಯಾಗ ಯಾಕ ಇಟ್ಟಿದ್ರಿ ಅತ್ತಿ?"

"ಬೂದಿ, ಬೇವಿನ ತಪ್ಪಲ ಇದ್ದಲ್ಲಿ ಹುಳ ಹತ್ತೂದಿಲ್ಲ. ಬಿತ್ತೂ ಬೀಜಕ್ಕ ಯಾರೂ ಕೈ ಹಚ್ಚೂದಿಲ್ಲ. ನೀ ಗಡಿಗಿ ಸಮೇತ ವಾಣಿಗೆ ಕೊಟ್ಟಿ!"

"ನಿಮ್ಮ ಮಗಳ ಬಂದು ಬೀಜ ಕೇಳಿದ್ರ ಇಲ್ಲ ಅನ್ನಾಕ ಬರತೈತೇನ್ರಿ?"

"ಆಕಿ ಹಳೀ ಹಾಳಿ ಕಂಡ್ರ ಒಲಿ ಹಚ್ತಾಳ. ಫೋನ್ ಹತ್ತಿತೇನು?"

"ಯಾರೂ ಎತ್ತವಲ್ರು. ನನಗ ಮೊದಲ ಯಾಕ ಹೇಳಲಿಲ್ರಿ?"

"ನಮ್ಮತ್ತಿ ನನಗ ಸಾಯೂ ಮುಂದ ಹೇಳಿದ್ರು. ನಾನೂ ಹಂಗ ಹೇಳಿದ್ರಾತು ಅಂದಿದ್ದೆ."

ವಾಣಿಯ ಊರು ಹಮ್ಮಿಗಿ ಬಂತು. ಸೊಸೆ ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿದಳು.

"ಜಲ್ದಿ ಇಳೀರಿ. ಮತ್ತೇನೇನ ಎಲ್ಲೆಲ್ಲಿ ಇಟ್ಟೀರಿ, ಹಾದ್ಯಾಗ ಹೇಳ್ರಿ."