ರೆಕ್ಕಿ ಮ್ಯಾಲಿನ ಹೆಬ್ಬಟ್ಟು

ಬಾಗಲಾ ಸ್ವಲ್ಪ ಮುಂದಕ ಮಾಡ್ರಿ, ಥಂಡಿ ಗಾಳಿ ಬರಾಕತ್ತೈತಿ. ಹಾಂ... ಈಗ ಹೇಳ್ತೀನಿ. ನಡುವ ಯಾರೂ ನಗಬ್ಯಾಡ್ರಿ ಮತ್ತ, ನಕ್ಕ್ರ ನಾ ಎದ್ದು ಹೋಗಾಂವ. ಇದೇನು ಎಲ್ಲೋ ಕೇಳಿ ಬಂದ ಮಾತಲ್ಲ. ಕಿನ್ನಾಳದಾಗ ನಮ್ಮ ಗ್ವಾಡಿಗೆ ಗ್ವಾಡಿ ಹತ್ತಿದ ಮನಿ ಗವಿಸಿದ್ದೇಶಂದು. ಕಟಗಿ ಗೊಂಬಿ ಮಾಡೋರು. ಎರಡು ಸಾವಿರದ ಒಂಬತ್ತರಾಗ, ಗೌರಿ ಹುಣ್ಣಿಮಿ ನಾಕು ದಿನ ಐತಿ ಅನ್ನೂವಾಗ ಆದದ್ದು.

ಅವತ್ತು ಅಂವ ಕೊಪ್ಪಳದಿಂದ ಕಡೀ ಬಸ್ಸಿಗೆ ಬಂದಿಳಿದ. ಕೈಯಾಗ ಒಂದು ಚೀಲ. ಚೀಲದಾಗ ಹಳೀ ಟೈರಿನ ರಬ್ಬರ್ ತುಂಡು, ನಾಕು ಬೋಲ್ಟು. ಊರು ಮಲಗಿಬಿಟ್ಟಿತ್ತು. ನಾಯಿ ಸೈತ ಬೊಗಳವಲ್ದು. ಸೀನೀರ ಬಾವಿ ಹತ್ರ ಬಂದ ನೋಡ್ರಿ... ಕೇಳಿಸ್ತು.

ಗರ್ರ್... ಗರ್ರ್... ಗರ್ರ್...

ಕಲ್ಲಿನ ಮ್ಯಾಲ ಕಲ್ಲು ಅರಿಯೋ ಸಪ್ಪಳ. ಅಂವ ನಿಂತ. ಸಪ್ಪಳಾನೂ ನಿಂತಿತು. ಒಂದು ಹೆಜ್ಜಿ ಇಟ್ಟ. ಗರ್ರ್...

ಬಾವಿ ಕಟ್ಟಿ ಮ್ಯಾಲ ಒಂದು ಅರಿಯೋ ಕಲ್ಲು ಬಿದ್ದಿರ್ತಿತ್ತು. ಅದು ಅವರವ್ವ ಮುದಕಮ್ಮಂದು. ಅದರಾಗ ಹುಣಸಿ ಬೀಜ ಅರದು, ಕಟಗಿ ಹೊಟ್ಟು ಕಲಸಿ ಮುದಕಿ ಕಿಟ್ಟ ಮಾಡ್ತಿದ್ಲು. ಕಿಟ್ಟ ಅಂದ್ರ ಗೊಂಬಿ ಸಂದು ಮುಚ್ಚೋ ಮೆತ್ತನ್ನ ಹಿಟ್ಟು. ಅಕಿ ಸತ್ತು ಆಗ ಆರು ವರ್ಷಾಗಿತ್ತು. ಮನಿಗೆ ಮಿಕ್ಸರ್ ಬಂದ ಮ್ಯಾಲ ಇಂವ ಆ ಕಲ್ಲನ್ನ ಒಯ್ದು ಅರಿವಿ ಒಗ್ಯಾಕ ಬಾವಿ ಕಟ್ಟಿಗೆ ಹಾಕಿ ಬಂದಿದ್ದ. ಈಗ ಅಲ್ಲಿ ಒಂದು ನರಪಿಳ್ಳಿ ಇಲ್ಲ. ಬೆಳದಿಂಗಳಾಗ ಬರೇ ಕಲ್ಲು.

ಖೊಳ್... ಖೊಳ್... ಆಮ್ಯಾಲ ಉದ್ದಕ ಒಂದು ಸೂಂಯ್...

ಎರಡು ಒಣಾ ಕೆಮ್ಮು, ಒಂದು ಸಿಳ್ಳಿನಂಥಾ ಉಸುರು. ಹಂಗ ಕೆಮ್ಮತಿದ್ದಾಕಿ ಊರಿಗೆಲ್ಲಾ ಒಬ್ಬಾಕಿನ, ಅವರವ್ವ. ಅಂವ ಚೀಲ ಅವಚಿಗೊಂಡು ಓಡಿದ. ಎಡಗಾಲ ಚಪ್ಪಲಿ ಅಲ್ಲೇ ಉಳೀತು.

ಮನ್ಯಾಗ ಹೆಂಡ್ತಿ ಹೇಮಾ ಗ್ವಾಡಿಗೆ ಆನಿಸಿ ಕುಂತಿದ್ಲು. ಅಕಿಗೂ ಅದ ಕೆಮ್ಮು ಹತ್ತಿ ವರ್ಷಾಗಿತ್ತು.

"ಯಾಕ್ರಿ, ಹಿಂಗ್ಯಾಕ ಬೆವತೀರಿ?"

"ಏನಿಲ್ಲ... ನಡದು ಬಂದೆ."

ಡಾಕ್ಟರು ಬಾಯಿ ಬಿಟ್ಟು ಹೇಳಿದ್ರು: ಈ ಕಟಗಿ ಧೂಳು ಬಿಡಸ್ರಿ, ಇಲ್ಲಾಂದ್ರ ಈ ಹೆಣ್ಣಮಗಳು ಉಳಿಯಾಂಗಿಲ್ಲ. ಆದರ ಗೊಂಬಿಗೆ ಕಣ್ಣ ಬರಿಯೋ ಕೈ ಅಕೀದು. ಆ ಕೆಲಸ ಮತ್ತ್ಯಾರಿಗೂ ಬರ್ತಿರಲಿಲ್ಲ. ಬಿಡು ಅಂದ್ರ ಅಕಿ, "ಜೀವ ಬಿಟ್ಟೇನು, ಕುಂಚ ಬಿಡಾಂಗಿಲ್ಲ" ಅನ್ನಾಕಿ. ಭಂಡ ಹೆಂಗಸು, ಈಗೂ ಹಂಗ ಅದಾಳ.

ಅದಕ್ಕ ಗವಿಸಿದ್ದೇಶ ತಾನ ಒಂದು ಧೂಳ ಪೆಟ್ಟಿಗಿ ಮಾಡಿದ. ಪ್ಲೈವುಡ್ ಡಬ್ಬಿ, ಒಳಗ ಹಳೀ ಕೂಲರಿನ ಫ್ಯಾನು, ಮುಂದ ಎರಡು ಪದರು ಅರಿವಿ. ಫ್ಯಾನು ಗಾಳಿ ಎಳೀತಿತ್ತು, ಧೂಳು ಅರಿವಿಗೆ ಹತ್ತತಿತ್ತು. ಛಲೋ ಆತು ಬಿಡು ಅಂದ್ರ, ಆ ಪೆಟ್ಟಿಗಿ ನಡಗಾಕ ಹತ್ತಿತು. ಹಲಗಿ ಮ್ಯಾಲ ಇಟ್ರ ಹೇಮಾನ ಕುಂಚ ನಡಗತಿತ್ತು. ತೊಲಿಗೆ ಸರಪಳಿ ಹಾಕಿ ತೂಗಬಿಟ್ಟ. ತೊಲಿ ನಡಗಿ ಮಾಳಗಿ ಮಣ್ಣ ಉದುರಿತು. ಧೂಳ ಹಿಡಿಯೋ ಮಷೀನು ಧೂಳ ಸುರೀತು, ಏನ ಹೇಳ್ತೀರಿ!

ಕೊಪ್ಪಳದಾಗ ಮೋಟಾರು ಕಟ್ಟೋ ಅಲ್ತಾಫ ಅವನ ದೋಸ್ತ. ಅಂವ ಹೇಳಿ ಕಳಿಸಿದ್ದ. "ಲೇ ಗವಿ, ಫ್ಯಾನಿನ ಒಂದು ರೆಕ್ಕಿ ಹಗೂರ ಐತಿ, ಅದಕ್ಕ ನಡಗತೈತಿ. ಕೈಲೆ ತಿರುವಿ ಬಿಡು. ಯಾವ ರೆಕ್ಕಿ ಮ್ಯಾಲ ನಿಂದರತೈತಿ, ಅದಕ್ಕ ಒಂದು ಕಬ್ಬಿಣದ ಚೂರು ಬಿಗಿ. ಸರಪಳಿ ತೊಲಿಗೆ ಹತ್ತೋ ಕಡೆ ರಬ್ಬರ್ ಕೊಡು."

ಅವತ್ತ ರಾತ್ರಿ ಸರಪಳಿಗೆ ರಬ್ಬರ್ ಕೊಟ್ಟ. ಹಗೂರ ರೆಕ್ಕಿ ಹುಡುಕಿದ. ಆದರ ಕಬ್ಬಿಣ ಬಿಗೀಲಿಲ್ಲ. ಗೊಂಬಿ ಮಾಡೋರಿಗೆ ಜಗತ್ತಿನ ಎಲ್ಲಾ ರೋಗಕ್ಕೂ ಕಿಟ್ಟನ ಮದ್ದು. ಬಟ್ಟಲದಾಗ ಹಸೀ ಅರಿವಿ ಮುಚ್ಚಿದ್ದಕ್ಕ ಒಣಗದ ಉಳದಿದ್ದ ಒಂದ ಒಂದು ಉಂಡಿ ಕಿಟ್ಟ ತಗೊಂಡು ರೆಕ್ಕಿಗೆ ಮೆತ್ತಿದ. ಹಲಗಿ ಮ್ಯಾಲ ಒಂದು ವಾಟಿ ನೀರಿಟ್ಟು ಸ್ವಿಚ್ ಹಾಕಿದ.

ಗೂಂ... ಅಂತ ಸಣ್ಣ ಸಪ್ಪಳ. ವಾಟ್ಯಾಗಿನ ನೀರು ಅಲುಗಲಿಲ್ಲ. ಹೇಮಾ ನಕ್ಕಳು. ಅಕಿ ನಕ್ಕು ಎಷ್ಟೋ ದಿನಾಗಿತ್ತು.

ಹಗಲೆಲ್ಲಾ ಕರೆಂಟ್ ಇಲ್ಲದ ದಿನ ಅವು. ರಾತ್ರಿನ ಕೆಲಸ. ದೊಡ್ಡ ಗೌರಮ್ಮನ ಮೂರ್ತಿ ಮುಂದ ಕುಂತು ಹೇಮಾ ಕಣ್ಣ ಬರಿಯಾಕ ಹಿಡದ್ಲು. ಅವರ ಮನ್ಯಾಗ ಒಂದು ಕಟ್ಟಳಿ ಐತಿ. ಒಂದು ಕಣ್ಣ ಬರದ್ರ ಎದ್ದೇಳಾಂಗಿಲ್ಲ, ಎರಡನೇದೂ ಬರದ ಏಳಬೇಕು. ಒಂದ ಕಣ್ಣ ತೆರದ ಮೂರ್ತಿ ಬೆಳಕು ಹರಿಯೂತನಕ ಉಳದ್ರ, ಬರದಾಕಿ ಉಳಿಯಾಂಗಿಲ್ಲ ಅಂತ.

ಬಲಗಣ್ಣ ಮುಗೀತು. ಅಷ್ಟೊತ್ತಿಗೆ...

ತಟ... ತಟ... ತಟತಟ...

ವಾಟ್ಯಾಗಿನ ನೀರಾಗ ಗೆರಿ ಎದ್ದುವು. ಫ್ಯಾನಿನ ಗಾಳಿಗೆ ಕಿಟ್ಟ ಒಣಗಿ ಹಗೂರ ಆಗಿತ್ತು. ನೀರಿನ ತೂಕ ಆರಿಹೋತು, ಹಳೀ ನಡುಕ ಹೊಳ್ಳಿ ಬಂತು. ಕುಂಚ ಕುಣೀತು. ಬಂದ್ ಮಾಡಿದ. ತೊಲಿಯಿಂದ ಉದುರಿದ ಮಣ್ಣು ಹೇಮಾನ ಮೂಗಿಗೆ ಹೊಡೀತು. ಅಕಿ ಕೆಮ್ಮಿದ್ಲು ನೋಡ್ರಿ, ತುಟಿ ನೀಲಿ ಆಗೂವಂಗ. ಹಚ್ಚಿದ್ರ ಕೈ ನಿಲ್ಲಾಂಗಿಲ್ಲ, ಬಂದ್ ಮಾಡಿದ್ರ ಉಸುರು ನಿಲ್ಲತೈತಿ. ಕಿಟ್ಟ ಮತ್ತ ಅರಿಬೇಕಂದ್ರ ಬೀಜ ಒಂದು ರಾತ್ರಿ ನೆನಿಬೇಕು, ಕಬ್ಬಿಣ ಬಿಗಿಬೇಕಂದ್ರ ರೆಕ್ಕಿಗೆ ತೂತು ಕೊರಿಯೋ ಸಾಮಾನು ಮನ್ಯಾಗಿಲ್ಲ. ಗೌರಮ್ಮ ಒಂದ ಕಣ್ಣಿಲೆ ಇಬ್ಬರನ್ನೂ ನೋಡ್ತಾ ಕುಂತಿದ್ಲು.

ಆಗ ಕರೆಂಟ್ ಹೋತು.

ಕತ್ತಲಾಗ ಹೇಮಾ ಅವನ ತೋಳು ಹಿಡದ್ಲು.

"ಏನ್ರಿ..."

"ಹೂಂ."

"ಯಾರೋ... ಅರಿಯಾಕತ್ತಾರ."

"ಯಾರಿಲ್ಲ. ಸುಮ್ಮನಿರು."

"ಮನಿ ಒಳಗ ಅರಿಯಾಕತ್ತಾರ್ರಿ..."

ಗರ್ರ್... ಗರ್ರ್... ಮೂಲ್ಯಾಗ, ಮೊದಲ ಆ ಕಲ್ಲು ಇದ್ದ ಜಾಗಾದಾಗ. ಹುರದ ಹುಣಸಿ ಬೀಜದ ವಾಸನಿ ಬಂತು.

ಗವಿಸಿದ್ದೇಶನ ಅವ್ವ ಬದುಕಿದ್ದಾಗ ಒಂದ ಮಾತು ಕೇಳ್ಕೊತಿದ್ಲು. ಈ ಗ್ವಾಡಿಗೆ ಒಂದು ಕಿಟಕಿ ಹೊಡಸೋ ಮಗನ, ಧೂಳು ಎದಿಗೆ ಹತ್ತೈತಿ ಅಂತ. "ಬ್ಯಾಸಗಿ ಬರ್ಲಿ ಬೇ" ಅಂತಿದ್ದ. ಮೂರು ಬ್ಯಾಸಗಿ ಬಂದು ಹೋದುವು. ನಾಕನೇದಕ್ಕ ಅಕಿ ಇರಲಿಲ್ಲ. ಈಗ ಸೊಸೀನ ಕರಕೊಂಡು ಹೋಗಾಕ ಬಂದಾಳ ಅಂತ ಅವಂಗ ಖಾತ್ರಿ ಆತು.

"ಅವ್ವಾ..." ಅಂದ. "ಇಕಿನ್ನ ಒಯ್ಯಬ್ಯಾಡ ಬೇ. ತಪ್ಪು ನಂದು. ನನ್ನ ಒಯ್ಯಿ."

ಅರಿಯೋದು ನಿಂತಿತು.

ಖೊಳ್... ಖೊಳ್... ಸೂಂಯ್... ಅವನ ಕಿವಿ ಮಗ್ಗಲಕ. ಆ ಉಸುರು ಥಣ್ಣಗ ಕುತ್ತಿಗಿಗೆ ಬಡೀತು. ಆಮ್ಯಾಲ ಕರ್ರ್... ಅಂತ ನೆಲದ ಮ್ಯಾಲ ಸ್ಟೂಲು ಎಳದಂಗ. ಸರಪಳಿ ಒಮ್ಮಿ ಕಿಣ್ ಅಂತು. ಆಮ್ಯಾಲ...

ಪಚ್.

ಅಷ್ಟ. ಕರೆಂಟ್ ಬಂತು. ಅಂವ ಹೆದರ್ಕೊಂತ ಸ್ವಿಚ್ ಒತ್ತಿದ. ಗೂಂ... ವಾಟ್ಯಾಗಿನ ನೀರು ಕನ್ನಡಿ ಹಂಗ ನಿಂತಿತ್ತು. ಹೇಮಾ ಕುಂಚ ತಗೊಂಡು ಎಡಗಣ್ಣ ಬರದ್ಲು, ಮೊದಲ ಕೋಳಿ ಕೂಗೂದರಾಗ ಮುಗಿಸಿದ್ಲು.

ಬೆಳಗಾದ ಮ್ಯಾಲ ಅಂವ ಪೆಟ್ಟಿಗಿ ಬಿಚ್ಚಿ ನೋಡಿದ. ಅವನು ಮೆತ್ತಿದ ಕಿಟ್ಟ ಒಣಗಿ ಬಿರುಕು ಬಿಟ್ಟಿತ್ತು. ಅದರ ಮ್ಯಾಲ ಹೊಸಾದು ಒಂದು ಉಂಡಿ. ಉಂಡಿ ಮ್ಯಾಲ ಒತ್ತಿದ ಹೆಬ್ಬಟ್ಟಿನ ಗುರುತು, ನಡುವ ಅಡ್ಡಕ ಒಂದು ಸೀಳು. ಮುದಕಮ್ಮನ ಬಲಗೈ ಹೆಬ್ಬಟ್ಟಿಗೆ ಸಣ್ಣಾಕಿದ್ದಾಗ ಉಳಿ ಬಡದಿತ್ತು. ಆ ಸೀಳು ನಮ್ಮ ಓಣ್ಯಾಗ ಎಲ್ಲಾರೂ ಕಂಡದ್ದು. ಗಂಡಸು ಮಗ, ಅಲ್ಲೇ ಕುಂತು ಗೊಳೋ ಅಂತ ಅತ್ತ. ಆ ಸಪ್ಪಳಕ್ಕ ನಾ ಎದ್ದು ಹೋದೆ.

ಮಧ್ಯಾಹ್ನಕ್ಕ ಗ್ವಾಡಿ ಒಡದು ಕಿಟಕಿ ಇಟ್ಟ. ಬಾವಿ ಕಟ್ಟಿ ಮ್ಯಾಲಿನ ಕಲ್ಲು ತಂದು ತೊಳದು ಮೂಲ್ಯಾಗ ಕುಂದ್ರಿಸಿದ. ಹೇಮಾ ಇವತ್ತಿಗೂ ಕಣ್ಣ ಬರೀತಾಳ, ಕೆಮ್ಮು ಭಾಳ ಕಮ್ಮಿ ಆಗೈತಿ.

ನಂಬಂಗಿಲ್ಲ ಅಲ್ಲ? ಅಲ್ತಾಫಾನೂ ನಂಬಲಿಲ್ಲ. ಹೋದ ವರ್ಷ ಮೋಟಾರು ಬದಲಿ ಮಾಡಾಕ ಬಂದಿದ್ದ. ನಾ ಮಗ್ಗಲದಾಗ ಬ್ಯಾಟರಿ ಹಿಡದು ನಿಂತಿದ್ದೆ. ಕಿಟ್ಟ ಅಂದ್ರ ಒಂದು ತಾಸಿನ್ಯಾಗ ಒಣಗೋ ಪದಾರ್ಥ, ಅದು ಮೆತ್ತಿ ಹದಿನೈದು ವರ್ಷಾಗೈತಿ. "ಇದನ್ನ ಕೆರದು ಒಗಿ, ಕಬ್ಬಿಣ ಬಿಗೀತೀನಿ" ಅಂತ ಅಂವ ಅದರ ಮ್ಯಾಲ ಬೆರಳಿಟ್ಟ. ಬೆರಳು ತಗದು ಬೆಳಕಿಗೆ ಹಿಡದ. ನನ್ನ ಮಾರಿ ನೋಡಿದ.

ಬೆರಳಿಗೆ ಹತ್ತಿತ್ತು... ಇನ್ನೂ ಹಸೀದು.