ಶಿಶುಕೇಂದ್ರದ ಅಡುಗೆಮನೆಗೆ ಕೊಟ್ಟ ದ್ರಾವಣದ ಬಗ್ಗೆ

ಹೇಳಿಕೆ ಕೊಡುತ್ತಿರುವ ನಾನು, ವಯಸ್ಸು ಇಪ್ಪತ್ತೊಂಬತ್ತು, ಓದು ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಎಂ.ಎಸ್ಸಿ., ಉದ್ಯೋಗ ಸ್ವಚ್ಛತಾ ದ್ರಾವಣ ತಯಾರಿಸುವ ಕಂಪನಿಯ ಪ್ರಯೋಗಾಲಯದಲ್ಲಿ ಪರೀಕ್ಷಕಿ, ವಾಸ ಅದೇ ಕಂಪನಿಯ ಹಿಂದಿನ ಬೀದಿಯ ಮೂರನೇ ಮಹಡಿ, ಠಾಣೆಗೆ ಖುದ್ದಾಗಿ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಮನೆಯಲ್ಲಿ ನಾನು, ನನ್ನ ಗಂಡ, ಎರಡು ವರ್ಷದ ಮಗಳು ಇದ್ದೇವೆ. ಮಗಳು ಕಳೆದ ಶುಕ್ರವಾರದಿಂದ ಮಕ್ಕಳ ಆಸ್ಪತ್ರೆಯಲ್ಲಿದ್ದಾಳೆ. ಗಂಡ ಈಗ ಅವಳ ಬಳಿ ಇದ್ದಾರೆ.

ಹಸಿ ಮಾಂಸ, ತರಕಾರಿಯ ಜೊತೆ ಅಡುಗೆಮನೆಗೆ ಬರುವ ಕೆಲವು ಬ್ಯಾಕ್ಟೀರಿಯಾಗಳು ಮಾಮೂಲಿ ಔಷಧಕ್ಕೆ ಬಗ್ಗುವುದಿಲ್ಲ. ಅವನ್ನು ಹೆಚ್ಚುವ ಮಣೆಯ ಮೇಲೇ ಕೊಲ್ಲುವಂಥ ಹೊಸ ದ್ರಾವಣ ತಯಾರಿಸುವುದು ನಮ್ಮ ವಿಭಾಗದ ಕೆಲಸ. ವಿಭಾಗದ ಮುಖ್ಯಸ್ಥೆಯನ್ನು ನಾವೆಲ್ಲ ಅಕ್ಕ ಎಂದೇ ಕರೆಯುತ್ತೇವೆ. ನನ್ನನ್ನು ಕೆಲಸಕ್ಕೆ ಸೇರಿಸಿದ್ದು ಅವರೇ. ಹೆರಿಗೆಯ ದಿನ ನನ್ನ ತಾಯಿ ಬರುವುದು ತಡವಾದಾಗ ಮಗುವನ್ನು ಮೊದಲು ಎತ್ತಿಕೊಂಡಿದ್ದೂ ಅವರೇ.

ಹೇಳಿಕೆ ಬರೆದುಕೊಳ್ಳುತ್ತಿರುವ ದಫೇದಾರರು, ಪಾತ್ರೆ ತೊಳೆಯೋ ನೀರಿಗೆ ಇಷ್ಟು ದೊಡ್ಡ ಕಥೆಯಾ ತಾಯಿ ಎಂದು ಕೇಳಿದ್ದರಿಂದ ಪರೀಕ್ಷೆಯ ಕ್ರಮ ಹೇಳುತ್ತೇನೆ. ಬ್ಯಾಕ್ಟೀರಿಯಾದ ಮೇಲೆ ದ್ರಾವಣವನ್ನು ಐದು ನಿಮಿಷ ಬಿಡುತ್ತೇವೆ. ಐದು ನಿಮಿಷವಾದ ಕೂಡಲೇ ನ್ಯೂಟ್ರಲೈಸರ್ ಎಂಬ ಇನ್ನೊಂದು ದ್ರವ ಸೇರಿಸಿ ದ್ರಾವಣದ ಕೆಲಸ ನಿಲ್ಲಿಸುತ್ತೇವೆ. ಆಮೇಲೆ ಗಾಜಿನ ತಟ್ಟೆಗೆ ಹಾಕಿ ಬೆಚ್ಚಗಿಟ್ಟು, ಎಷ್ಟು ಬದುಕಿವೆ ಎಂದು ಮಾರನೆಯ ದಿನ ನೋಡುತ್ತೇವೆ. ನ್ಯೂಟ್ರಲೈಸರ್ ದುರ್ಬಲವಾಗಿದ್ದರೆ ಉಳಿದ ದ್ರಾವಣ ತಟ್ಟೆಯಲ್ಲೂ ಕೊಲ್ಲುತ್ತಲೇ ಇರುತ್ತದೆ. ತಟ್ಟೆ ಖಾಲಿ ಕಾಣುತ್ತದೆ. ಹೆಚ್ಚುವ ಮಣೆಗೆ ಆ ಭಾಗ್ಯ ಇಲ್ಲ, ಅಲ್ಲಿ ಐದು ನಿಮಿಷಕ್ಕೆ ನೀರು ಸುರಿದು ತೊಳೆದುಬಿಡುತ್ತಾರೆ.

ನ್ಯೂಟ್ರಲೈಸರ್ ಮೊದಲು ನಾನೇ ಮಾಡುತ್ತಿದ್ದೆ. ಮಗಳಿಗೆ ಹಲ್ಲು ಬರುವ ದಿನಗಳಲ್ಲಿ ನನಗೆ ನಿದ್ದೆ ಇರಲಿಲ್ಲ. ಅಕ್ಕ ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು, ಕಣ್ಣು ನೋಡ್ಕೊ ಹೇಗಾಗಿದೆ, ತೂಕ ತಪ್ಪಿಸಿಬಿಡ್ತೀಯ, ಇನ್ನು ಇದು ನನಗೆ ಬಿಡು ಎಂದರು. ಪ್ರತಿ ಹೊಸ ಬಾಟಲಿಯನ್ನೂ ಬಳಸುವ ಮೊದಲು, ಅದು ದ್ರಾವಣವನ್ನು ನಿಜಕ್ಕೂ ನಿಲ್ಲಿಸುತ್ತದೆಯೇ ಎಂದು ಒರೆಹಚ್ಚಬೇಕು. ಅದನ್ನೂ ನಾನೇ ನೋಡಿದ್ದೀನಿ ಕಣೇ ಎಂದರು. ನಾನು ಅದನ್ನು ಅಕ್ಕರೆ ಎಂದುಕೊಂಡೆ. ಮನೆಗೆ ಹೋಗಿ ಗಂಡನಿಗೂ ಹೇಳಿದೆ.

ಅಲ್ಲಿಯವರೆಗೆ ಸೋಲುತ್ತಿದ್ದ ದ್ರಾವಣ ಅಂದಿನಿಂದ ಗೆಲ್ಲತೊಡಗಿತು. ತಟ್ಟೆಗಳಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಇದರಲ್ಲಿ ಊಟ ಬಡಿಸಬಹುದು ನೋಡೇ ಎಂದು ಅಕ್ಕ ತಮಾಷೆ ಮಾಡಿದರು. ಎಲ್ಲರೂ ನಕ್ಕೆವು. ಫಲಿತಾಂಶದ ಕೆಳಗೆ ನಾನು ಸಹಿ ಹಾಕಿದೆ. ಬಳಿಕ ಕಂಪನಿಯ ಶಿಶುಕೇಂದ್ರ, ಪಕ್ಕದ ಶಾಲೆ ಮತ್ತು ಒಂದು ಹಾಸ್ಟೆಲ್, ಈ ಮೂರು ಅಡುಗೆಮನೆಗಳಿಗೆ ದ್ರಾವಣವನ್ನು ಪ್ರಯೋಗಕ್ಕೆಂದು ಕೊಡಲಾಯಿತು. ದ್ರಾವಣವೇ ಸಾಕೆಂದು ಅಲ್ಲಿ ಮಣೆಗಳಿಗೆ ಕುದಿಯುವ ನೀರು ಸುರಿಯುವುದನ್ನು ನಿಲ್ಲಿಸಿದರು. ನನ್ನ ಮಗಳು ಹಗಲು ಹೊತ್ತು ಅದೇ ಶಿಶುಕೇಂದ್ರದಲ್ಲಿ ಇರುತ್ತಾಳೆ, ಅಲ್ಲಿಯೇ ಉಣ್ಣುತ್ತಾಳೆ, ಅದೇ ಮಣೆಯ ಮೇಲೆ ಹೆಚ್ಚಿದ ಹಸಿ ಸೌತೆಕಾಯಿ, ಹಣ್ಣು ತಿನ್ನುತ್ತಾಳೆ.

ಶುಕ್ರವಾರ ಮಧ್ಯಾಹ್ನ ಅವಳಿಗೆ ಜ್ವರ ಬಂತು. ಸಂಜೆಗೆ ಭೇದಿಯಲ್ಲಿ ರಕ್ತ ಕಾಣಿಸಿತು. ಅದೇ ಕೇಂದ್ರದ ಇನ್ನೂ ಮೂರು ಮಕ್ಕಳು ಅದೇ ವಾರ್ಡಿಗೆ ಬಂದರು. ಭಾನುವಾರ ವೈದ್ಯರು, ಕೊಟ್ಟ ಎರಡು ಔಷಧವೂ ನಾಟುತ್ತಿಲ್ಲ, ಮೂರನೆಯದು ಶುರು ಮಾಡಿದ್ದೇವೆ, ಈಗಲೇ ಏನೂ ಹೇಳುವಂತಿಲ್ಲ ಎಂದರು. ಮಗಳು ಅಳುವುದನ್ನು ನಿಲ್ಲಿಸಿದ್ದಳು. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

ಅಂದು ನಾಲ್ಕು ಗಂಟೆಗೆ ಅಕ್ಕ ಫ್ಲಾಸ್ಕಿನಲ್ಲಿ ಬಿಸಿನೀರು ತಂದರು. ಅವರ ಮೊಮ್ಮಗನೂ ಅದೇ ಕೇಂದ್ರಕ್ಕೆ ಹೋಗುತ್ತಾನೆ. ಅವನು ಹೇಗಿದ್ದಾನೆ ಎಂದು ಕೇಳಿದೆ. ಅವನಿಗೇನು, ದ್ರಾವಣ ಅಲ್ಲಿಗೆ ಹೋದ ದಿನದಿಂದ ಮನೆಯಿಂದಲೇ ಊಟದ ಡಬ್ಬಿ ಕಟ್ಟಿಸ್ತಿದ್ದೀನಿ, ನೀನೂ ಒಂದು ಡಬ್ಬಿ ಕಟ್ಟಬಾರದಿತ್ತೇನೇ ಎಂದರು. ಅಷ್ಟು ಹೇಳಿ ಥಟ್ಟನೆ ಫ್ಲಾಸ್ಕಿನ ಮುಚ್ಚಳ ತಿರುಗಿಸತೊಡಗಿದರು. ಮುಚ್ಚಳ ಆಗಲೇ ಬಿಗಿಯಾಗಿತ್ತು.

ಸೋಮವಾರ ನಾನು ಪ್ರಯೋಗಾಲಯಕ್ಕೆ ಹೋಗಿ ಅಕ್ಕನ ನ್ಯೂಟ್ರಲೈಸರನ್ನು ಒರೆಹಚ್ಚಿದೆ. ಪಕ್ಕದಲ್ಲಿ ನಾನೇ ಹೊಸದಾಗಿ ತಯಾರಿಸಿದ್ದನ್ನೂ ಇಟ್ಟೆ. ಮಂಗಳವಾರ ಬೆಳಿಗ್ಗೆ ನೋಡಿದಾಗ ಅವರದನ್ನು ಬಳಸಿದ ತಟ್ಟೆ ಖಾಲಿ. ನನ್ನದನ್ನು ಬಳಸಿದ ತಟ್ಟೆಯಲ್ಲಿ ಎಣಿಸಲಾರದಷ್ಟು ಬ್ಯಾಕ್ಟೀರಿಯಾ ಬೆಳೆದಿದ್ದವು. ದ್ರಾವಣ ಯಾವತ್ತೂ ಗೆದ್ದಿರಲಿಲ್ಲ.

ಎರಡೂ ತಟ್ಟೆಗಳನ್ನು ಅಕ್ಕನ ಮೇಜಿನ ಮೇಲಿಟ್ಟು ಕೇಳಿದೆ. ಅವರು ತಟ್ಟೆಗಳನ್ನು ನೋಡಲಿಲ್ಲ. ನ್ಯೂಟ್ರಲೈಸರಿಗೆ ನೀರು ಬೆರೆಸಿದ್ದು ಹೌದು, ಇನ್ನೊಂದು ಸಲ ಸೋತಿದ್ದರೆ ವಿಭಾಗಕ್ಕೆ ಬೀಗ ಹಾಕುತ್ತಿದ್ದರು, ಮುಂದಿನ ದ್ರಾವಣ ನಿಜಕ್ಕೂ ಕೆಲಸ ಮಾಡುತ್ತದೆ, ಅಲ್ಲಿಯವರೆಗೆ ಸಮಯ ಬೇಕಿತ್ತು ಎಂದರು. ಯಾರಿಗೆ ಮಾಡಿದೆ ಇದನ್ನೆಲ್ಲ, ನಿನ್ನ ಕೆಲಸವೂ ಉಳೀತಲ್ಲವಾ ಎಂದರು. ಹಾಗಿದ್ದರೆ ನನ್ನ ಮಗಳಿಗೂ ಡಬ್ಬಿ ಕಟ್ಟು ಎಂದು ಒಂದು ಮಾತು ಹೇಳಬಹುದಿತ್ತಲ್ಲ ಅಕ್ಕ ಎಂದು ಕೇಳಿದೆ. ಹೇಳಿದ್ದರೆ ನೀನು ಯಾಕೆ ಅಂತ ಕೇಳ್ತಿದ್ದೆ ಎಂದರು. ಆಮೇಲೆ, ಸಹಿ ನಿನ್ನದಿದೆ, ಮನೆಗೆ ಹೋಗಿ ಯೋಚನೆ ಮಾಡು ಎಂದರು.

ನಾನು ಮನೆಗೆ ಹೋಗಲಿಲ್ಲ. ಅಕ್ಕನ ನ್ಯೂಟ್ರಲೈಸರ್ ಬಾಟಲಿಯನ್ನು ಮೊಹರು ಮಾಡಿ ನೇರ ಇಲ್ಲಿಗೆ ತಂದು ಒಪ್ಪಿಸಿದ್ದೇನೆ. ತಟ್ಟೆಗಳನ್ನು ಹೊರಗೆ ತರುವುದು ಅಪಾಯ. ಪ್ರಯೋಗಾಲಯದ ಫ್ರಿಜ್‌ನಲ್ಲಿ ಬೀಗ ಹಾಕಿಟ್ಟು ಕೀಲಿ ಕೊಟ್ಟಿದ್ದೇನೆ. ಸಹಿ ನನ್ನದೇ. ಅದಕ್ಕೆ ಬರುವುದು ಬರಲಿ.

ಶಿಶುಕೇಂದ್ರ ಮುಚ್ಚಿದೆ. ಶಾಲೆ ಮತ್ತು ಹಾಸ್ಟೆಲಿನಲ್ಲಿ ಇದೇ ದ್ರಾವಣದಿಂದ ತೊಳೆದ ಮಣೆಗಳ ಮೇಲೆ ಈ ಹೊತ್ತಿಗೆ ಮಧ್ಯಾಹ್ನದ ಊಟಕ್ಕೆ ಹೆಚ್ಚುತ್ತಿರುತ್ತಾರೆ. ದಫೇದಾರರು ಹಾಳೆ ಮುಂದಿಟ್ಟು ಸಹಿ ಕೇಳಿದಾಗ, ಮೊದಲು ಆ ಎರಡು ಕಡೆಗೆ ಯಾರನ್ನಾದರೂ ಕಳಿಸಿ ಸಾರ್, ಸಹಿ ಆಮೇಲೆ ಎಂದೆ. ಇಬ್ಬರು ಹೋದರು. ಕ್ಯಾನುಗಳನ್ನು ಹೊರಗೆ ತೆಗೆಸಿದ್ದೇವೆ, ಹೆಚ್ಚಿದ್ದನ್ನು ಯಾರಿಗೂ ಬಡಿಸಬೇಡಿ ಎಂದಿದ್ದೇವೆ ಎಂದು ಎರಡು ಕಡೆಯಿಂದಲೂ ಫೋನ್ ಬಂತು.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ಆಮೇಲೆ ನಾನೇ ಇನ್ನೊಮ್ಮೆ ಓದಿದ್ದೇನೆ. ನಾನು ಹೇಳಿದಂತೆಯೇ ಇದೆ, ನಿಜವಿದೆ. ಈಗ ಸಹಿ ಮಾಡುತ್ತಿದ್ದೇನೆ.

ಸ್ಥಳ: ಠಾಣೆಯ ಬರಹಗಾರರ ಕೊಠಡಿ
ದಿನ: ಮಂಗಳವಾರ, ಮಧ್ಯಾಹ್ನ ಹನ್ನೆರಡೂವರೆ

(ಸಹಿ)
ಹೇಳಿಕೆ ಕೊಟ್ಟವರು